ಗುಣಪಾಲಣ್ಣನ ತಿಂಗಳು

ಇವತ್ತು ಬೆಳಿಗ್ಗೆ ಕಪಾಟಿನ ಬಾಗಿಲು ತೆಗೆದಾಗ ಬಂದದ್ದು ಬೂಷ್ಟಿನ ವಾಸನೆ. ಬಂಟ್ವಾಳದಲ್ಲಿ ಮಳೆ ಹಿಡಿದು ಒಂದೆರಡು ವಾರವಾದರೆ ಸಾಕು, ನನ್ನ ಕರಿಕೋಟಿಗೂ ಚಪ್ಪಲಿಗೂ ಕಾನೂನು ಪುಸ್ತಕಗಳಿಗೂ ಒಂದೇ ವಾಸನೆ ಬಂದುಬಿಡುತ್ತದೆ. ಅದಕ್ಕೆ ನಾನು ತಲೆ ಕೆಡಿಸಿಕೊಳ್ಳುವವಳಲ್ಲ. ಆದರೆ ಕೆಳಗಿನ ಅಂತಸ್ತಿನಲ್ಲಿ ಒಂದು ಮೂಲೆ ಉಂಟು, ಅಲ್ಲಿ ಯಾವಾಗಲೂ ಮಜ್ಜಿಗೆಹುಲ್ಲಿನ ಎಣ್ಣೆಯ ಘಮ ಇರುತ್ತದೆ. ಇವತ್ತು ಬಗ್ಗಿ ಮೂಸಿದರೂ ಅದು ಸರಿಯಾಗಿ ಸಿಗಲಿಲ್ಲ. ಅಲ್ಲಿದ್ದ ಹಾಡಿನ ರೆಕಾರ್ಡನ್ನು ಹೊರಗೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಹೊದಿಕೆಯ ಒಂದು ತುದಿಯಲ್ಲಿ ಬಿಳಿ ಬಿಳಿ ಚುಕ್ಕೆಗಳು ಎದ್ದಿದ್ದವು.

ಹೇಳುವುದಾದರೆ ಅದು ನನ್ನದೇ ರೆಕಾರ್ಡು. ನನ್ನದು ಎಂದು ಕೋರ್ಟಿನಲ್ಲಿ ಬೇಕಾದರೂ ಸಾಬೀತು ಮಾಡಬಲ್ಲೆ. ಆದರೂ ಅದಕ್ಕೆ ಬೂಷ್ಟು ಹಿಡಿದದ್ದು ಕಂಡಾಗ ಬೇರೆಯವರ ಮಗುವನ್ನು ನೋಡಿಕೊಳ್ಳುತ್ತೇನೆಂದು ಕರೆತಂದು ಜ್ವರ ಬರಿಸಿದ ಹಾಗಾಯಿತು. ಅದನ್ನು ಒಣಬಟ್ಟೆಯಲ್ಲಿ ಮೆಲ್ಲಗೆ ಒರೆಸುತ್ತ ಕೂತಾಗ ಹೋದ ವರ್ಷದ ಮಳೆಗಾಲ ಪೂರ್ತಿಯಾಗಿ ನೆನಪಿಗೆ ಬಂತು.

ಗುಣಪಾಲಣ್ಣನ ಪರಿಚಯವಾದದ್ದು ಅದಕ್ಕೂ ಕೆಲವು ವರ್ಷ ಮೊದಲು. ಮೂಡುಬಿದಿರೆಯಲ್ಲಿ ಎರಡು ಮನೆಗಳ ನಡುವೆ ಒಂದು ಕಂಪೌಂಡ್ ಗೋಡೆಯ ತಕರಾರು ಇತ್ತು. ಜಾಗ ಅಳೆದು ವರದಿ ಕೊಡಲು ಕೋರ್ಟು ನನ್ನನ್ನು ಕಮಿಷನರಾಗಿ ಕಳಿಸಿತ್ತು. ಟೇಪಿನ ಒಂದು ತುದಿ ಸರ್ವೆಯರ ಕೈಯಲ್ಲಿ, ಇನ್ನೊಂದು ತುದಿ ನನ್ನ ಕೈಯಲ್ಲಿ, ಸುತ್ತ ವಾದಿ ಪ್ರತಿವಾದಿಗಳ ಬೊಬ್ಬೆ. ಆಗ ಪಕ್ಕದ ಹಂಚಿನ ಮನೆಯ ಕಿಟಕಿಯಿಂದ ಒಂದು ಹಾಡು ಬಂತು. ನಾನು ಮಂಗಳೂರಿನಲ್ಲಿ ಕಾನೂನು ಓದುತ್ತಿದ್ದಾಗ ಹಾಸ್ಟೆಲಿನಲ್ಲಿ ಕ್ಯಾಸೆಟ್ಟು ಸವೆಯುವಷ್ಟು ಕೇಳಿದ ಇಂಗ್ಲಿಷ್ ಹಾಡು. ನಾನು ಟೇಪು ಹಿಡಿದುಕೊಂಡೇ ನಿಂತುಬಿಟ್ಟೆ. ಸರ್ವೆಯರು ಅಳತೆ ಎಷ್ಟೆಂದು ಕೂಗಿ ಕೇಳಿದ್ದು ಕಿವಿಗೆ ಬೀಳಲೇ ಇಲ್ಲ.

ಕೆಲಸ ಮುಗಿಸಿ ಆ ಮನೆಯ ಮೆಟ್ಟಿಲು ಹತ್ತಿದೆ. ಬಿಳಿ ಪಂಚೆ ಉಟ್ಟ, ತೆಳ್ಳಗಿನ, ಅರವತ್ತು ದಾಟಿದ ಮನುಷ್ಯ ಬಾಗಿಲಿಗೆ ಬಂದರು.

"ಆ ಹಾಡು ನಿಮ್ಮಲ್ಲಿಂದ ಬಂದದ್ದಾ?" ಎಂದೆ.

"ಹೌದು. ಯಾಕೆ, ಅದಕ್ಕೂ ಕೇಸು ಉಂಟಾ?" ಎಂದರು. ಆಮೇಲೆ ನನ್ನ ಮುಖ ನೋಡಿ, "ನಿಮಗೆ ಗೊತ್ತುಂಟಾ ಈ ಹಾಡು? ಬನ್ನಿ ಬನ್ನಿ, ಒಳಗೆ ಬನ್ನಿ ಮಾರಾಯ್ರೆ," ಎಂದು ತಪ್ಪಿಹೋದ ನೆಂಟರು ಸಿಕ್ಕಿದಂತೆ ಕರೆದರು.

ಅವರು ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮನೆತನದಿಂದ ಬಂದ ಇನ್ನೊಂದು ಕೆಲಸವೂ ಉಂಟು. ಹತ್ತಿರದ ಬಸದಿಯ ತಾಳೆಗರಿ ಗ್ರಂಥಗಳನ್ನು ವರ್ಷಕ್ಕೊಮ್ಮೆ ಬಿಚ್ಚಿ, ಧೂಳು ತೆಗೆದು, ಹುಳು ಹಿಡಿಯದಂತೆ ಮಜ್ಜಿಗೆಹುಲ್ಲಿನ ಎಣ್ಣೆ ಹಚ್ಚಿ ಕಟ್ಟಿಡುವುದು. ಅಜ್ಜ ಮಾಡಿದ್ದು, ಅಪ್ಪ ಮಾಡಿದ್ದು, ಈಗ ಇವರು. ಅದೇ ಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ ತಮ್ಮ ರೆಕಾರ್ಡುಗಳ ಪ್ಲಾಸ್ಟಿಕ್ ಹೊದಿಕೆಗಳಿಗೂ ಒರೆಸುತ್ತಿದ್ದರು. ಎಂಥ ಮಳೆಗಾಲದಲ್ಲೂ ಅವರ ಕಪಾಟಿನೊಳಗೆ ಒಂದು ಚುಕ್ಕೆ ಬೂಷ್ಟು ನಾನು ಕಂಡವಳಲ್ಲ. ನಾವಿಬ್ಬರೂ ಹೆಚ್ಚಾಗಿ ಮಾತಾಡುವುದು ತುಳುವಿನಲ್ಲಿ. ಹಾಡಿನ ವಿಷಯ ಬಂದರೆ ಮಾತ್ರ ಅವರು ಯಾಕೋ ಲೈಬ್ರರಿಯ ಕನ್ನಡಕ್ಕೆ ಹೋಗುತ್ತಿದ್ದರು.

ರಾಕ್ ಎಂದರೆ ಕಿವಿ ತೂತು ಮಾಡುವ ಗದ್ದಲ ಎಂದುಕೊಂಡವರು ಬಹಳ ಮಂದಿ. ಅದರಲ್ಲೇ ಸಾಫ್ಟ್ ರಾಕ್ ಎಂಬ ಮೆದುಜಾತಿ ಒಂದಿದೆ. ಗಿಟಾರು, ಪಿಯಾನೊ, ಹಿಂದೆ ಹದವಾಗಿ ಡ್ರಮ್ಮು, ಮೂರು ನಾಲ್ಕು ದನಿಗಳು ಒಟ್ಟಿಗೆ ಸೇರಿ ಹಾಡುವುದು. ಎಪ್ಪತ್ತರ ದಶಕದಲ್ಲಿ ಬಂದ ಅಂಥ ಒಂದು ಆಲ್ಬಮ್ಮು ನಮ್ಮಿಬ್ಬರಿಗೂ ಪ್ರಾಣ. ಹೆಸರು ಬರೆಯುವುದಿಲ್ಲ. ಬರೆದರೆ ಅದಕ್ಕಿಂತ ಒಳ್ಳೆಯದು ಇನ್ನೊಂದುಂಟು ಎಂದು ಯಾರಾದರೂ ಫೋನು ಮಾಡುತ್ತಾರೆ, ನಾನು ವಾದಕ್ಕೆ ಇಳಿಯುತ್ತೇನೆ, ದಿನ ಹಾಳು.

ಆ ಒಂದೇ ಆಲ್ಬಮ್ಮಿನ ಮೂರು ಪ್ರತಿಗಳು ಗುಣಪಾಲಣ್ಣನ ಹತ್ತಿರ ಇದ್ದವು. ಒಂದು ನಮ್ಮ ದೇಶದಲ್ಲೇ ಒತ್ತಿದ್ದು, ಒಂದು ಇಂಗ್ಲೆಂಡಿನಲ್ಲಿ ಒತ್ತಿದ್ದು, ಇನ್ನೊಂದು ಜಪಾನಿನದ್ದು. ಹಾಡು ಅದೇ ಆದ ಮೇಲೆ ಮೂರು ಯಾಕೆ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೆ: ದೋಸೆಯ ಹಿಟ್ಟು ಒಂದೇ ಇದ್ದರೂ ಕಾವಲಿ ಬೇರೆಯಾದರೆ ದೋಸೆ ಬೇರೆಯಾಗುವುದಿಲ್ಲವೇ? ಪ್ರೆಸಿಂಗ್ ಎಂಬುದು ಹಾಗೆ. ಅಚ್ಚು, ಪ್ಲಾಸ್ಟಿಕ್ಕು, ಒತ್ತಿದ ಯಂತ್ರ, ಎಲ್ಲ ಸೇರಿ ಹಾಡಿನ ರುಚಿಯನ್ನು ಒಂದಿಷ್ಟು ಆಚೀಚೆ ಮಾಡುತ್ತವೆ. ಆ ಒಂದಿಷ್ಟಕ್ಕೆ ಬಿದ್ದವರು ಎದ್ದದ್ದಿಲ್ಲ.

ಹೋದ ವರ್ಷ ಆಷಾಢದಲ್ಲಿ ಮೂಡುಬಿದಿರೆಗೆ ಮುನಿಗಳೊಬ್ಬರು ಚಾತುರ್ಮಾಸಕ್ಕೆ ಬಂದರು. ಮಳೆಗಾಲದ ನಾಲ್ಕು ತಿಂಗಳು ಮುನಿಗಳು ಸಂಚಾರ ನಿಲ್ಲಿಸಿ ಒಂದೇ ಊರಲ್ಲಿ ಇರುತ್ತಾರೆ. ಊರ ಜೈನರು ಆ ಸಮಯದಲ್ಲಿ ತಮ್ಮಿಂದಾದ ವ್ರತಗಳನ್ನು ಹಿಡಿಯುತ್ತಾರೆ. ಕತ್ತಲಾದ ಮೇಲೆ ಉಣ್ಣದಿರುವುದು, ಗೆಡ್ಡೆಗೆಣಸು ಬಿಡುವುದು ಇವೆಲ್ಲ ಗುಣಪಾಲಣ್ಣನ ಮನೆಯಲ್ಲಿ ಮೊದಲಿನಿಂದಲೂ ಇದ್ದದ್ದೇ. ಆ ಸಲ ಅವರೂ ಅವರ ಹೆಂಡತಿ ಸುನಂದಕ್ಕನೂ ಪರಿಗ್ರಹ ಪರಿಮಾಣ ಎಂಬ ವ್ರತ ತೆಗೆದುಕೊಂಡರು. ಅಂದರೆ ತಮ್ಮದು ಎಂದು ಇಟ್ಟುಕೊಳ್ಳುವ ವಸ್ತುಗಳಿಗೆ ತಾವೇ ಒಂದು ಮಿತಿ ಹಾಕಿಕೊಳ್ಳುವುದು. ಒಂದು ಸಾಕಾಗುವ ಕಡೆ ಎರಡು ಇರಬಾರದು ಎಂಬುದು ಅವರು ಮಾಡಿಕೊಂಡ ನಿಯಮ. ಸುನಂದಕ್ಕ ಪಾತ್ರೆಪಗಡೆ, ಪೆಟ್ಟಿಗೆಯೊಳಗಿನ ಸೀರೆ, ಎರಡನೆಯ ಗಡಿಯಾರ, ಎಲ್ಲವನ್ನೂ ಒಂದು ವಾರದಲ್ಲಿ ಹಂಚಿ ಕೈ ತೊಳೆದುಕೊಂಡರು. ಉಳಿದದ್ದು ಗಂಡನ ಮೂರು ರೆಕಾರ್ಡು.

"ಹಾಡು ಒಂದೇ, ಪ್ಲೇಟು ಮೂರು. ಎರಡು ಕೊಡಲೇಬೇಕು ವಕೀಲರೇ," ಎಂದು ಗುಣಪಾಲಣ್ಣ ಫೋನಿನಲ್ಲಿ ಹೇಳಿದರು. ಅವರ ದನಿ ಕೇಳಿ ಯಾರಿಗೋ ಹುಷಾರಿಲ್ಲ ಎಂದೇ ನಾನು ಮೊದಲು ತಿಳಿದುಕೊಂಡದ್ದು.

"ಯಾವಾಗ ಕೊಡುವುದು?"

"ದಶಲಕ್ಷಣ ಪರ್ವ ಹತ್ತು ದಿನ ಅಲ್ವಾ, ಅದರಲ್ಲಿ ಎಂಟನೇ ದಿನ ಉತ್ತಮ ತ್ಯಾಗ. ಅವತ್ತು ಕೊಡ್ತೇನೆ. ಅಷ್ಟರೊಳಗೆ ಯಾವುದನ್ನು ಇಟ್ಟುಕೊಳ್ಳುವುದು ಅಂತ ತೀರ್ಮಾನ ಆಗ್ಬೇಕು. ನನ್ನ ಕಿವಿ ಒಂದೇ ಸಾಲದು. ನೀವು ಬನ್ನಿ."

ಹಾಗೆ ಆ ಮಳೆಗಾಲದ ನನ್ನ ಭಾನುವಾರಗಳು ಮೂಡುಬಿದಿರೆಯ ಪಾಲಾದವು. ಬಂಟ್ವಾಳದಿಂದ ಸಿದ್ಧಕಟ್ಟೆಯ ದಾರಿಯಾಗಿ ನನ್ನ ಹಳೆ ಕಾರಿನಲ್ಲಿ ಹೋಗುತ್ತಿದ್ದೆ. ವೈಪರು ಎಷ್ಟು ಬಡಿದುಕೊಂಡರೂ ಗಾಜಿನಾಚೆ ಏನೂ ಕಾಣದಂಥ ಮಳೆ. ರಸ್ತೆಯ ಗುಂಡಿಗಳೆಲ್ಲ ನೀರಿನಡಿ ಅಡಗಿ ಕಾಯುತ್ತಿದ್ದವು. ನನ್ನ ಗಂಡ, "ಸುಪ್ರೀಂ ಕೋರ್ಟಿಗೆ ಹೋದ್ರೂ ನೀನು ಇಷ್ಟು ತಯಾರಿ ಮಾಡ್ಲಿಕ್ಕಿಲ್ಲ," ಎಂದು ತಮಾಷೆ ಮಾಡುತ್ತಿದ್ದರು. ಆ ಮಾತಿನಲ್ಲಿ ಸುಳ್ಳೇನಿರಲಿಲ್ಲ.

ಮೊದಲ ಭಾನುವಾರವೇ ನಾನು ಒಂದು ಕ್ರಮ ಹೇಳಿದೆ. ಯಾವ ಪ್ಲೇಟು ಎಂದು ಗೊತ್ತಿಲ್ಲದೆ ಕೇಳಬೇಕು, ಆಗ ಮಾತ್ರ ಕಿವಿ ಸತ್ಯ ಹೇಳುತ್ತದೆ. ನಾವಿಬ್ಬರೂ ಗೋಡೆಯ ಕಡೆ ಮುಖ ಮಾಡಿ ಕೂರುವುದು, ಸುನಂದಕ್ಕ ತಮಗೆ ತೋಚಿದ್ದನ್ನು ಹಾಕುವುದು. ಸುನಂದಕ್ಕ ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಬಂದು ಒಂದನ್ನು ಹಾಕಿದರು. ಸೂಜಿ ಇಳಿದು ಹಾಡು ಶುರುವಾಗುವ ಮೊದಲಿನ ಬರೀ ಸದ್ದಿಗೇ ಗುಣಪಾಲಣ್ಣ, "ಇದು ಜಪಾನಿಂದು," ಎಂದರು. ಎರಡನೆಯದಕ್ಕೆ, "ಇಂಗ್ಲೆಂಡಿಂದು." ಮೂರನೆಯದಕ್ಕೆ ಏನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಒಗ್ಗರಣೆಯ ಸಾಸಿವೆ ಸಿಡಿದಂಥ ಆ ಹಳೆ ಪ್ಲೇಟಿನ ಸದ್ದು ನನಗೂ ಕೇಳಿಸಿತ್ತು. ನನ್ನ ಕ್ರಮ ಅಲ್ಲಿಗೆ ಮುಗಿಯಿತು.

"ನಿಮಗೆ ಯಾವುದು ಒಳ್ಳೆದು ಕಾಣ್ತದೆ ಸುನಂದಕ್ಕ?" ಎಂದು ಕೇಳಿದೆ.

"ನನಗೆ ಮೂರೂ ಒಂದೇ. ಒಬ್ಬನೇ ಗಂಡಸು ಮೂರು ಸಲ ಅಳುವುದು," ಎಂದು ಹೇಳಿ ಅವರು ಅಡುಗೆಮನೆಗೆ ಹೋದರು.

ಜಪಾನಿನದ್ದು ಕೇಳಲು ನಿಜಕ್ಕೂ ಚೆಂದ. ಹಾಡುಗಾರ ಉಸಿರೆಳೆದುಕೊಳ್ಳುವುದು, ಬೆರಳು ತಂತಿಯ ಮೇಲೆ ಜಾರುವುದು, ಎಲ್ಲ ಕೇಳಿಸುತ್ತದೆ. ಹಿಂದೆ ಒಂದು ಚೂರು ಸದ್ದಿಲ್ಲ. ನನಗೆ ಮಾತ್ರ ಅದು ಆಪರೇಷನ್ ಥಿಯೇಟರಿನಷ್ಟು ಶುಚಿಯಾಗಿ ಕಂಡು, ಹಾಗೆಂದು ಹೇಳಿಯೂಬಿಟ್ಟೆ. ಇಂಗ್ಲೆಂಡಿನದ್ದಕ್ಕೆ ಹೆಸರಿಡುವ ಹಾಗಿಲ್ಲ, ಎಲ್ಲವೂ ಅದರದರ ಜಾಗದಲ್ಲಿ. ನಮ್ಮ ದೇಶದ್ದರಲ್ಲಿ ಮೇಲಿನ ಸ್ವರಗಳು ಸ್ವಲ್ಪ ಮಂಕು, ಡ್ರಮ್ಮು ದಪ್ಪ, ಸದ್ದಂತೂ ಧಾರಾಳ. ಆದರೆ ದನಿ ಮಾತ್ರ ಹತ್ತಿರ ಬಂದು ಕೂತು ಹಾಡಿದ ಹಾಗೆ. ಮಿಕ್ಕೆರಡರಲ್ಲಿ ಅವರು ವೇದಿಕೆಯ ಮೇಲೆ ಹಾಡುತ್ತಾರೆ, ಇದರಲ್ಲಿ ನಮ್ಮ ಜಗಲಿಗೆ ಬಂದಿರುತ್ತಾರೆ.

ಸಂಜೆ ಬೆಳಕಿರುವಾಗಲೇ ಊಟ. ನೀರುದೋಸೆ, ಹೆಸರುಕಾಳಿನ ಪಲ್ಯ. ಸೊಪ್ಪು ಆ ನಾಲ್ಕು ತಿಂಗಳು ಇಲ್ಲ, ಎಲೆಗಳಲ್ಲಿ ಹುಳಹುಪ್ಪಟೆ ಇರುತ್ತವೆಂದು. ಉಂಡು ಕೈ ತೊಳೆದು ನಾನು ಹೊರಡುವಾಗ ಗುಣಪಾಲಣ್ಣ ಗೇಟಿನವರೆಗೆ ಕೊಡೆ ಹಿಡಿದು ಬರುತ್ತಿದ್ದರು. ತೀರ್ಮಾನ ಮಾತ್ರ ಮುಂದಿನ ವಾಯಿದೆಗೆ ಹೋಗುತ್ತಿತ್ತು.

ಅಂಥದೇ ಒಂದು ಭಾನುವಾರ ಹಾಡಿನ ನಡುವೆ ಕರೆಂಟು ಹೋಯಿತು. ದೇಶದ ಪ್ಲೇಟೇ ತಿರುಗುತ್ತಿತ್ತು. ದನಿ ಎಳೆದೆಳೆದು ದಪ್ಪವಾಗಿ ನಿಂತುಹೋಯಿತು. ಹೊರಗೆ ಹಂಚಿನ ಮೇಲೆ ಮಳೆ ಸುರಿಯುತ್ತಿತ್ತು. ಮಧ್ಯಾಹ್ನವೇ ಮನೆಯೊಳಗೆ ಮಬ್ಬು. ಗುಣಪಾಲಣ್ಣ ಸೂಜಿಯನ್ನು ಎತ್ತಿಟ್ಟು, ಪ್ಲೇಟನ್ನು ಎರಡೂ ಅಂಗೈಗಳ ನಡುವೆ ಅಂಚಿಗೆ ಹಿಡಿದುಕೊಂಡು ಕೂತರು.

"ಇದು ಪೂರ್ತಿ ನನ್ನದಲ್ಲ ವಕೀಲರೇ," ಎಂದರು.

ಅವರು ಮಂಗಳೂರಿನಲ್ಲಿ ಡಿಗ್ರಿ ಓದುವಾಗ ಬೆಳ್ತಂಗಡಿ ಕಡೆಯ ಲ್ಯಾನ್ಸಿ ಎಂಬವನು ರೂಮಿನ ಜೊತೆಗಾರ. ಗಿಟಾರು ಬಾರಿಸುತ್ತಿದ್ದ, ಇವರಿಗೆ ಇಂಗ್ಲಿಷ್ ಹಾಡುಗಳ ಹುಚ್ಚು ಹಿಡಿಸಿದವನೇ ಅವನು. ಹಂಪನಕಟ್ಟೆಯ ಒಂದು ಅಂಗಡಿಯಲ್ಲಿ ಈ ರೆಕಾರ್ಡು ಬಂದಾಗ ಒಬ್ಬರಿಂದ ಕೊಳ್ಳಲಾಗದೆ ಇಬ್ಬರೂ ಸೇರಿ ಕೊಂಡರು. ಕಾಲೇಜು ಮುಗಿದು ಇಬ್ಬರೂ ಊರಿಗೆ ಬಂದ ಮೇಲೆ ಒಂದು ಒಪ್ಪಂದ ಮಾಡಿಕೊಂಡರು. ಒಂದು ತಿಂಗಳು ಮೂಡುಬಿದಿರೆಯಲ್ಲಿ, ಒಂದು ತಿಂಗಳು ಬೆಳ್ತಂಗಡಿಯಲ್ಲಿ. ತಿಂಗಳ ಮೊದಲ ಭಾನುವಾರ ಇಬ್ಬರೂ ಬಸ್ಸು ಹತ್ತಿ ನಡುದಾರಿಯ ವೇಣೂರಿಗೆ ಬರುವುದು, ಅಲ್ಲಿ ಕೈಯಿಂದ ಕೈಗೆ ದಾಟಿಸುವುದು. ಮಳೆಯಲ್ಲಿ ಒದ್ದೆಯಾಗದಂತೆ ರೆಕಾರ್ಡನ್ನು ಗೊಬ್ಬರದ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಹಗ್ಗ ಕಟ್ಟಿ, ಎದೆಗೆ ಅವಚಿಕೊಂಡು ಬಸ್ಸಿನಲ್ಲಿ ನಿಂತಿರುತ್ತಿದ್ದರಂತೆ. ಒಮ್ಮೆ ಕಂಡಕ್ಟರು ಯೂರಿಯಾಕ್ಕೆ ಟಿಕೆಟು ಬೇಕು ಎಂದು ಜಗಳ ತೆಗೆದಿದ್ದನಂತೆ. ಅದನ್ನು ಹೇಳುವಾಗ ಗುಣಪಾಲಣ್ಣ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಆಮೇಲೆ ಅವನು ಕುವೈತಿಗೆ ಹೋದ. ಹೋಗುವಾಗ ಇದು ನನ್ನ ಹತ್ತಿರ ಇತ್ತು. ನನ್ನ ತಿಂಗಳು. ಎರಡು ವರ್ಷ ಕಳೆದು ಯಾರ ಹತ್ರವೋ ಆ ಇಂಗ್ಲೆಂಡಿಂದು ಕಳಿಸಿದ. ಈ ಹೊಸದು ನಿನಗೇ, ಆ ಹಳೆದು ನಮ್ಮದು, ನಾನು ಬಂದಾಗ ನನ್ನ ತಿಂಗಳು ತೆಗೆದುಕೊಳ್ತೇನೆ ಅಂತ ಹೇಳಿ ಕಳಿಸಿದ."

"ಬಂದ್ರಾ?"

"ಇಲ್ಲ. ಅಲ್ಲಿಂದ ಇನ್ನೆಲ್ಲಿಗೋ ಹೋದ. ಕಾಗದ ನಿಂತಿತು. ನಾಲ್ಕು ವರ್ಷದ ಹಿಂದೆ ತೀರಿಕೊಂಡನಂತೆ, ಅವನ ಅಣ್ಣ ವೇಣೂರಲ್ಲಿ ಸಿಕ್ಕಿದಾಗ ಹೇಳಿದ್ರು." ಅವರು ಪ್ಲೇಟನ್ನು ಹೊದಿಕೆಯೊಳಗೆ ಜಾರಿಸಿದರು. "ನಲವತ್ತು ವರ್ಷ ದಾಟಿತು. ಇನ್ನೂ ನನ್ನ ತಿಂಗಳೇ ನಡೀತಾ ಉಂಟು."

ಕರೆಂಟು ಬಂದ ಮೇಲೂ ಅವತ್ತು ಹಾಡು ಹಾಕಲಿಲ್ಲ. ನಾನು ಮನೆಗೆ ಬರುವ ದಾರಿಯುದ್ದಕ್ಕೂ ವಾದ ಕಟ್ಟುತ್ತ ಬಂದೆ. ಈ ಮನುಷ್ಯ ಜಪಾನಿನ ಶುಚಿಗೆ ಮರುಳಾಗಿ ಆ ಹಳೆಯದನ್ನು ಯಾರಿಗೋ ಕೊಟ್ಟುಬಿಟ್ಟರೆ? ಅದಿಲ್ಲದೆ ಅವರ ಮಳೆಗಾಲಗಳು ಹೇಗೆ ಕಳೆಯುತ್ತವೆ? ನನ್ನ ಕಣ್ಣು ಇಂಗ್ಲೆಂಡಿನದ್ದರ ಮೇಲೆ ಒಂಚೂರು ಇದ್ದದ್ದು ನಿಜ, ಅದನ್ನು ಅವರ ಮುಂದೆಯೇ ಹೇಳಿದ್ದೆ. ಆದರೆ ಆ ದಿನದಿಂದ ನನಗೆ ಹಿಡಿದ ಹಟವೇ ಬೇರೆ. ದೇಶದ ಪ್ಲೇಟು ಗುಣಪಾಲಣ್ಣನ ಮನೆ ಬಿಟ್ಟು ಹೋಗಕೂಡದು.

ಆಮೇಲಿನ ಭಾನುವಾರಗಳಲ್ಲಿ ನಾನು ಆ ಪ್ಲೇಟಿನ ಪರವಾಗಿ ವಾದಿಸಿದಷ್ಟು ಯಾವ ಕಕ್ಷಿದಾರನ ಪರವಾಗಿಯೂ ವಾದಿಸಿಲ್ಲ. ಮೊದಲು ಕಿವಿಯ ಸಾಕ್ಷಿ ಹಿಡಿದೆ. ಅದರ ಹತ್ತಿರದ ದನಿ ಮಿಕ್ಕೆರಡಕ್ಕಿಲ್ಲ ಎಂದೆ. ಸದ್ದಿನ ಬಗ್ಗೆ ಅವರು ತಕರಾರು ತೆಗೆದಾಗ, ಮಳೆಯ ಸದ್ದಿನಲ್ಲಿ ಅದು ಕೇಳಿಸುವುದೇ ಇಲ್ಲ, ಮಳೆಯಿಲ್ಲದ ದಿನ ನೀವು ಹಾಡು ಕೇಳುವುದು ಯಾವಾಗ ಎಂದು ಕೇಳಿದೆ. ಆಮೇಲೆ ಲ್ಯಾನ್ಸಿಯ ಮಾತು ತೆಗೆದೆ. ಈ ಪ್ಲೇಟು ಹಾಕಿದಾಗ ನೀವು ಕೂರುವ ರೀತಿಯೇ ಬೇರೆ, ಉಳಿದೆರಡು ಹಾಕಿದಾಗ ಕಾಲಿನ ಮೇಲೆ ಕಾಲು ಹಾಕಿ ಕೂರುತ್ತೀರಿ, ಇದಕ್ಕೆ ಮುಂದೆ ಬಾಗುತ್ತೀರಿ ಎಂದೆ. ಇದಿಲ್ಲದೆ ನಿಮಗೆ ಆಗುವುದಿಲ್ಲ ಎಂದು ಮತ್ತೆ ಮತ್ತೆ ಹೇಳಿದೆ. ಹಠದ ಭರದಲ್ಲಿ, ಅರ್ಧ ಲ್ಯಾನ್ಸಿಯದ್ದಾದ ಕಾರಣ ಅದನ್ನು ನಿಮ್ಮ ವಸ್ತು ಎಂದು ಲೆಕ್ಕ ಹಿಡಿಯಬೇಕಾಗಿಯೇ ಇಲ್ಲ, ಇನ್ನೊಂದನ್ನೂ ಇಟ್ಟುಕೊಳ್ಳಬಹುದು ಎಂದೂ ಸೂಚಿಸಿದೆ.

"ವ್ರತಕ್ಕೆ ವಕೀಲಿಕೆ ಬೇಡ," ಎಂದು ಗುಣಪಾಲಣ್ಣ ನಕ್ಕರು. ಲ್ಯಾನ್ಸಿಯ ಮಾತು ತೆಗೆದ ಮೇಲೆ ಬೇರೆ ಯಾವುದಕ್ಕೂ ಅವರು ಎದುರು ಹೇಳಲಿಲ್ಲ. ನಮ್ಮಲ್ಲಿ ಎದುರಾಳಿ ಸುಮ್ಮನಾದರೆ ಅರ್ಧ ಗೆದ್ದ ಹಾಗೆ. ಪರ್ವ ಶುರುವಾಗುವ ಮುಂಚಿನ ಭಾನುವಾರ ಗೇಟಿನ ಹತ್ತಿರ ಕೊಡೆ ಹಿಡಿದು ನಿಂತಾಗ ಅವರೇ ಹೇಳಿದರು, "ನೀವು ಹೇಳಿದ್ದು ಪೂರ್ತಿ ಸರಿ ವಕೀಲರೇ. ನಾನು ಒಪ್ಪಿದೆ." ಸಿದ್ಧಕಟ್ಟೆ ದಾಟುವವರೆಗೂ ನಾನು ಆ ಹಾಡನ್ನು ಗಟ್ಟಿಯಾಗಿ ಹೇಳುತ್ತ ಕಾರು ಓಡಿಸಿದೆ.

ಉತ್ತಮ ತ್ಯಾಗದ ದಿನ ವಾರದ ನಡುವೆ ಬಂತು. ಇದ್ದ ಕೇಸುಗಳಿಗೆ ವಾಯಿದೆ ಕೇಳಿ ಮಧ್ಯಾಹ್ನ ಹೊರಟೆ. ಗೆದ್ದ ತೀರ್ಪನ್ನು ಕಿವಿಯಾರೆ ಕೇಳಬೇಕೆಂಬ ಆಸೆ. ಗುಣಪಾಲಣ್ಣ ಬಸದಿಯಿಂದ ಆಗಷ್ಟೇ ಬಂದಿದ್ದರು. ಮೇಜಿನ ಮೇಲೆ ಇಂಗ್ಲೆಂಡಿನದ್ದು ಮತ್ತು ದೇಶದ್ದು ಎರಡೇ ಇದ್ದವು. ಜಪಾನಿನದ್ದನ್ನು ಬೆಳಿಗ್ಗೆಯೇ ಪಕ್ಕದ ಬೀದಿಯ ಸಂಗೀತದ ಟೀಚರಿಗೆ ಕೊಟ್ಟಾಗಿತ್ತು. ನಾನು ಕೂತೆ. ಅವರು ದೇಶದ ಪ್ಲೇಟನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಮುಂದೆ ಹಿಡಿದರು.

"ತೆಗೆದುಕೊಳ್ಳಿ."

ಹಾಕಲು ಕೊಡುತ್ತಿದ್ದಾರೆ ಎಂದುಕೊಂಡು ನಾನು ಹಾಡಿನ ಪೆಟ್ಟಿಗೆಯ ಕಡೆ ಎದ್ದೆ.

"ಅಲ್ಲ. ಇದು ನಿಮಗೆ. ಮನೆಗೆ."

"ಎಂತ ಹೇಳ್ತಿದ್ದೀರಿ ಗುಣಪಾಲಣ್ಣ? ಇದನ್ನೇ ಇಟ್ಟುಕೊಳ್ಳಬೇಕು ಅಂತಲ್ವಾ ನಾನು ಇಷ್ಟು ದಿನ ಬಾಯಿ ಬಡ್ಕೊಂಡದ್ದು? ನೀವು ಒಪ್ಪಿದ್ದೂ ಆಯ್ತಲ್ಲ?"

"ಒಪ್ಪಿದೆ. ಇದಿಲ್ಲದೆ ನನಗೆ ಆಗುವುದಿಲ್ಲ ಅಂತ ನೀವು ಹೇಳಿದ್ರಿ. ಅದು ನನಗೆ ಅಷ್ಟು ಸ್ಪಷ್ಟ ಇರ್ಲಿಲ್ಲ. ಯಾವುದು ಕೇಳಲಿಕ್ಕೆ ಚೆಂದ ಅಂತ ಮಾತ್ರ ನಾನು ನೋಡ್ತಾ ಇದ್ದೆ. ನೀವು ತೋರಿಸಿಕೊಟ್ರಿ." ಅವರ ದನಿ ಮೆತ್ತಗಾಯಿತು. "ಇಲ್ಲದಿದ್ರೂ ಆಗುವಂಥದ್ದನ್ನು ಕೊಟ್ರೆ ಅದು ತ್ಯಾಗ ಆಗುವುದು ಹೇಗೆ? ಅದು ಕಪಾಟು ಗುಡಿಸಿದ ಹಾಗೆ. ಇಲ್ಲದೆ ಆಗುವುದಿಲ್ಲ ಅನ್ನುವುದನ್ನೇ ಬಿಡಬೇಕಾದ್ದು."

ಮಿಕ್ಕದ್ದನ್ನು ಕೊಡುವುದು, ಬೇಕಾದ್ದನ್ನು ಇಟ್ಟುಕೊಳ್ಳುವುದು, ದಾನವೆಂದರೆ ನಮ್ಮ ಮನೆಗಳಲ್ಲಿ ಇಷ್ಟೇ. ಆ ಮನೆಯ ಲೆಕ್ಕ ತಿರುಗುಮುರುಗು ಎಂದು ನನಗೆ ಹೊಳೆದೇ ಇರಲಿಲ್ಲ. ಎಷ್ಟು ಚೆನ್ನಾಗಿ ವಾದಿಸಿದೆನೋ ಅಷ್ಟು ಗಟ್ಟಿಯಾಗಿ ಆ ಪ್ಲೇಟನ್ನು ಹೊರಗೆ ಹಾಕಿಸಿದ್ದೆ. ಗೆದ್ದದ್ದರಿಂದಲೇ ಕಕ್ಷಿದಾರನಿಗೆ ನಷ್ಟವಾದ ಕೇಸು ನನ್ನ ವೃತ್ತಿಯಲ್ಲಿ ಅದೊಂದೇ. ನನಗೆ ಅಳು ಬಂತು. ಅಳು ಬಂದಾಗ ನಾನು ಕಾನೂನು ಮಾತಾಡುತ್ತೇನೆ.

"ಹಾಗೆ ಕೊಡ್ಲಿಕ್ಕೆ ಬರುವುದಿಲ್ಲ. ಇದರಲ್ಲಿ ಅರ್ಧ ಲ್ಯಾನ್ಸಿಯದ್ದು. ಇನ್ನೊಬ್ಬರ ಪಾಲನ್ನು ದಾನ ಮಾಡುವ ಹಕ್ಕು ನಿಮಗಿಲ್ಲ."

"ನನ್ನ ಅರ್ಧ ಕೊಟ್ಟಿದ್ದೇನೆ. ಅವನ ಅರ್ಧ ನಿಮ್ಮಲ್ಲಿ ಇಟ್ಟದ್ದು," ಎಂದರು ಗುಣಪಾಲಣ್ಣ. "ನನ್ನ ತಿಂಗಳು ಬಹಳ ಉದ್ದ ಆಯ್ತು. ಇನ್ನು ನಿಮ್ಮ ತಿಂಗಳು."

ಸುನಂದಕ್ಕ ಒಳಗಿನಿಂದ ಒಂದು ಗೊಬ್ಬರದ ಚೀಲ ತಂದುಕೊಟ್ಟರು. ಹಳೆಯದು ಯಾವ ಕಾಲಕ್ಕೋ ಹರಿದುಹೋಗಿತ್ತು, ಇದು ಬೇರೆ. ಗುಣಪಾಲಣ್ಣ ತಾವೇ ಹಗ್ಗ ಕಟ್ಟಿದರು.

ಮನೆಗೆ ತಂದು ಹಾಕಿದೆ. ನನ್ನ ಪೆಟ್ಟಿಗೆ ಅವರದಕ್ಕಿಂತ ಒಳ್ಳೆಯದು, ಸ್ಪೀಕರೂ ದೊಡ್ಡದು. ಆದರೂ ಎರಡನೆಯ ಹಾಡಿಗೆ ನಿಲ್ಲಿಸಿದೆ. ಯಜಮಾನರಿಲ್ಲದ ಮನೆಯಲ್ಲಿ ಅವರ ಕುರ್ಚಿಯ ಮೇಲೆ ಕೂತ ಹಾಗೆ ಮುಜುಗರ. ದೀಪಾವಳಿ ಹತ್ತಿರ ಬರುವಾಗ ಸುನಂದಕ್ಕ ಫೋನು ಮಾಡಿದರು. "ಇವರು ಮಧ್ಯಾಹ್ನ ಇಂಗ್ಲೆಂಡಿಂದು ಹಾಕ್ತಾರೆ, ಅರ್ಧಕ್ಕೆ ನಿಲ್ಲಿಸಿ ಹೊರಗೆ ಹೋಗಿ ನಿಲ್ತಾರೆ," ಎಂದರು.

"ವಾಪಸು ತಂದುಕೊಡ್ಲಾ?"

"ಕೊಡ್ಲಿಕ್ಕೆ ಬಂದ್ರೆ ತೆಗೆದುಕೊಳ್ಳುವುದಿಲ್ಲ. ನೀವು ಸುಮ್ಮನೆ ಬನ್ನಿ."

ಮರುತಿಂಗಳ ಮೊದಲ ಭಾನುವಾರ ಅದನ್ನು ಅದೇ ಚೀಲದಲ್ಲಿ ಕಟ್ಟಿ ತೆಗೆದುಕೊಂಡು ಹೋದೆ. ಬಾಗಿಲಲ್ಲೇ ಹೇಳಿದೆ, ಕೊಡಲು ತಂದದ್ದಲ್ಲ, ನನ್ನ ಪೆಟ್ಟಿಗೆ ಹಾಳಾಗಿದೆ, ನಿಮ್ಮದರಲ್ಲಿ ಒಮ್ಮೆ ಹಾಕಿ ಕೇಳಿ ಹೋಗುತ್ತೇನೆ ಎಂದು. ಅಂದಿನಿಂದ ಪ್ರತಿ ತಿಂಗಳ ಮೊದಲ ಭಾನುವಾರ ನನ್ನ ಪೆಟ್ಟಿಗೆ ಹಾಳಾಗುತ್ತದೆ, ಈ ಸಲ ಹೋದಾಗ ಸ್ವಲ್ಪ ಎಣ್ಣೆಯನ್ನೂ ಕೇಳಿ ತರಬೇಕು.